ಶಾಲೆ ಮಕ್ಕಳ ಮೊಟ್ಟೆಗೆ ದುಡ್ಡು ಯಾರದ್ದು? ಖಾಸಗಿ ದಾನ, ಸಂಘ ಸಂಸ್ಥೆ ಮತ್ತು ಪ್ರಜಾಪ್ರಭುತ್ವದ ಲೆಕ್ಕಾಚಾರ

2024ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಊಟದ ತಟ್ಟೆಯಲ್ಲಿ ಒಂದು ದೊಡ್ಡ ಬದಲಾವಣೆ ಆಯ್ತು. ಅಲ್ಲೀವರೆಗೆ ವಾರಕ್ಕೆ ಎರಡು ದಿನ ಬರ್ತಿದ್ದ ಬೇಯಿಸಿದ ಮೊಟ್ಟೆ ಆರು ದಿನವೂ ಬರೋಕೆ ಶುರುವಾಯ್ತು, ಒಂದನೇ ಕ್ಲಾಸಿಂದ ಹತ್ತನೇ ಕ್ಲಾಸ್‌ವರೆಗೆ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಎರಡು ದಿನದ ಖರ್ಚು ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು. ಮೂರು ವರ್ಷಕ್ಕೆ ಹೆಚ್ಚುಕಮ್ಮಿ 1,500 ಕೋಟಿ ರೂಪಾಯಿ ಅಂತ ಒಪ್ಪಂದ.

ಸರ್ಕಾರಿ ಶಾಲೆಗೆ ಮಕ್ಕಳನ್ನ ಕಳಿಸೋ ಅಪ್ಪ ಅಮ್ಮಂದಿರಿಗೆ ಇದರಿಂದ ಖುಷಿ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಜೊತೆಗೇ ಕೆಲವು ಪ್ರಶ್ನೆ ಏಳ್ತವೆ. ಇದು ಸರ್ಕಾರದ ಸ್ಕೀಮಾ, ಕಂಪನಿದಾ? ಮೂರು ವರ್ಷ ಆದ್ಮೇಲೆ ಏನು ಕಥೆ? ಒಂದಿನ ಮೊಟ್ಟೆ ಬರಲಿಲ್ಲ ಅಂದ್ರೆ ನಾವು ಹೆಡ್‌ಮಾಸ್ಟರ್‌ನ ಕೇಳಬೇಕಾ, ಬಿಇಓ ಆಫೀಸಿಗೆ ಹೋಗಬೇಕಾ, ಇಲ್ಲಾ ದಾನ ಕೊಟ್ಟೋರನ್ನ ಕೇಳಬೇಕಾ, ಅಷ್ಟಕ್ಕೂ ದಾನ ಕೊಟ್ಟೋರನ್ನ ಕೇಳೋಕೆ ನಮಗೆ ಹಕ್ಕಿದೆಯಾ? ನನಗೆ ಅನ್ಸೋದು, ಖಾಸಗಿ ದಾನಕ್ಕೂ ಪ್ರಜಾಪ್ರಭುತ್ವಕ್ಕೂ ಇರೋ ಸಂಬಂಧ ಅರ್ಥ ಆಗಬೇಕಾದ್ರೆ ಈ ಕೊನೇ ಪ್ರಶ್ನೆ ಹಿಡ್ಕೊಂಡು ಹೋದ್ರೆ ಸಾಕು.

ಮೊದಲು ಯಾರು ಯಾರು ಅಂತ ತಿಳ್ಕೊಳ್ಳೋಣ

ಎನ್‌ಜಿಓ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡ್ತೀವಿ, ಕಾನೂನಲ್ಲಿ ಅದಕ್ಕೆ ಮುಖ್ಯವಾಗಿ ಮೂರು ರೂಪ ಇದೆ. ಒಂದು ಟ್ರಸ್ಟ್: ಯಾರೋ ಒಬ್ಬರು ಆಸ್ತಿ ಅಥವಾ ದುಡ್ಡನ್ನ ಒಂದು ಉದ್ದೇಶಕ್ಕೆ ಅಂತ ಬರೆದುಕೊಟ್ಟು, ನೋಡ್ಕೊಳ್ಳೋಕೆ ಟ್ರಸ್ಟಿಗಳನ್ನ ನೇಮಿಸ್ತಾರೆ. ಎರಡನೇದು ಸೊಸೈಟಿ ಅಥವಾ ಸಂಘ: ಸದಸ್ಯರು ಇರ್ತಾರೆ, ವಾರ್ಷಿಕ ಸಭೆ ಇರುತ್ತೆ, ಪದಾಧಿಕಾರಿಗಳ ಚುನಾವಣೆ ಇರುತ್ತೆ, ನಮ್ಮಲ್ಲಿ ಇದಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ, ನಿಮ್ಮೂರಿನ ಯುವಕ ಸಂಘ, ಮಹಿಳಾ ಮಂಡಲ ಹೆಚ್ಚಾಗಿ ಇದರಡಿಯೇ ಬರುತ್ತೆ. ಮೂರನೇದು ಲಾಭ ಹಂಚಿಕೊಳ್ಳದ ಕಂಪನಿ, ಕಂಪನಿ ಕಾಯ್ದೆಯ ಸೆಕ್ಷನ್ 8ರ ಪ್ರಕಾರ ಆಗೋದು. ಫೌಂಡೇಶನ್ ಅನ್ನೋದು ಇಂಥದ್ದೇ ಸಂಸ್ಥೆ ತನಗೆ ತಾನೇ ಇಟ್ಕೊಳ್ಳೋ ಹೆಸರು ಅಷ್ಟೇ, ಬೇರೆ ಕಾನೂನು ರೂಪ ಅಲ್ಲ.

ಇನ್ನು ದುಡ್ಡಿನ ಮೂಲ. ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೊಳ್ಳೋದು ಸಿಎಸ್‌ಆರ್, ಅಂದ್ರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ವಿಷಯದಲ್ಲಿ. ಸಿಎಸ್‌ಆರ್ ಅಂದ್ರೆ ಕಂಪನಿ ಮನಸಾರೆ ಕೊಡೋ ದಾನ ಅಲ್ಲ, ಕಾನೂನು ಹಾಕಿರೋ ಕರ್ತವ್ಯ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135 ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲಾ 1,000 ಕೋಟಿ ವಹಿವಾಟು, ಇಲ್ಲಾ 5 ಕೋಟಿ ನಿವ್ವಳ ಲಾಭ ಇರೋ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ವೈಯಕ್ತಿಕ ದಾನ ಬೇರೆ. ಅಜೀಂ ಪ್ರೇಮ್‌ಜಿ ಅವರದ್ದು ಈ ಎರಡನೇ ಥರದ್ದು, ಅದು ವಿಪ್ರೋ ಕಂಪನಿಯ ಸಿಎಸ್‌ಆರ್ ಅಲ್ಲ. 2019ರಲ್ಲಿ ಅವರು ತಮ್ಮ ಹೆಸರಲ್ಲಿದ್ದ ಷೇರುಗಳ ಇನ್ನೊಂದು ದೊಡ್ಡ ಪಾಲನ್ನ ಬಿಟ್ಟುಕೊಟ್ಟಾಗ ಫೌಂಡೇಶನ್‌ಗೆ ಮೀಸಲಾದ ಒಟ್ಟು ಮೊತ್ತ ಸುಮಾರು 1.45 ಲಕ್ಷ ಕೋಟಿ ರೂಪಾಯಿ ಆಯ್ತು, ವಿಪ್ರೋದ ಶೇ 67ರಷ್ಟು ಷೇರಿನ ಆರ್ಥಿಕ ಲಾಭ ಈ ಕೆಲಸಕ್ಕೆ ಹೋಗುತ್ತೆ ಅಂತ ಆಗ ಪ್ರಕಟಿಸಿದ್ರು. ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳ ಕಾಲೇಜು ಓದಿಗೆ ವರ್ಷಕ್ಕೆ 30,000 ರೂಪಾಯಿ ಸ್ಕಾಲರ್‌ಶಿಪ್ ಕೊಡ್ತಿರೋದೂ ಇದೇ ಫೌಂಡೇಶನ್.

ಅಂದಹಾಗೆ ಇಂಥ ದಾನ ನಮ್ಮ ನಾಡಿಗೆ ಹೊಸದೇನಲ್ಲ. ಸಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳೋ ಮುಂಚೆ ತಮ್ಮ ಇಡೀ ಸಂಸ್ಥಾನದ ಆಸ್ತಿಯನ್ನ ಮಕ್ಕಳ ಓದಿಗೆ ಅಂತ ಬರೆದಿಟ್ರು, ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದ್ರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಟಾಟಾ ದುಡ್ಡು ಬಂತು, ಮೈಸೂರು ಅರಮನೆಯಿಂದ 371 ಎಕರೆ ಜಾಗ ಬಂತು. ಆದ್ರೆ ಅವೆಲ್ಲ ನಡೆದಾಗ ನಮಗೆ ಮತ ಹಾಕೋ ಹಕ್ಕೇ ಇರಲಿಲ್ಲ. ಸರ್ಕಾರವನ್ನ ನಾವೇ ಆರಿಸೋಕೆ ಶುರು ಮಾಡಿದ ಮೇಲೆ ದಾನದ ಜಾಗ ಯಾವುದು ಅನ್ನೋ ಪ್ರಶ್ನೆ ಹುಟ್ಟಿದ್ದು.

ಅರವಟಿಗೆ ನೀರು, ನಲ್ಲಿ ನೀರು

ಬೇಸಿಗೆಯಲ್ಲಿ ರಸ್ತೆ ಬದಿ ಅರವಟಿಗೆ ಹಾಕ್ತಾರಲ್ಲ, ಮಡಕೆಯಲ್ಲಿ ತಣ್ಣಗಿನ ನೀರು, ಪುಣ್ಯಾತ್ಮರು ಪಾನಕ ಮಜ್ಜಿಗೆನೂ ಕೊಡ್ತಾರೆ. ಬಾಯಾರಿದವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದ್ರೆ ನಾಳೆ ಅರವಟಿಗೆ ಎತ್ತಿಬಿಟ್ರೆ ನಾವು ಯಾರನ್ನೂ ಕೇಳೋಕಾಗಲ್ಲ, ಕೇಳಬಾರದು ಕೂಡ, ಅವರು ಇಷ್ಟಪಟ್ಟು ಇಟ್ಟಿದ್ರು, ಸಾಕು ಅನ್ಸಿತು ತೆಗೆದ್ರು. ಅದೇ ಮನೆ ನಲ್ಲಿಯಲ್ಲಿ ಎರಡು ದಿನ ನೀರು ಬರಲಿಲ್ಲ ಅಂದ್ರೆ ಬಿಂದಿಗೆ ಹಿಡ್ಕೊಂಡು ಪಂಚಾಯ್ತಿ ಮುಂದೆ ಕೂತು ಪಿಡಿಓ ಹೊರಗೆ ಬರೋವರೆಗೂ ಎದ್ದೇಳಲ್ಲ. ನೀರು ಎರಡೂ ಕಡೆ ಒಂದೇ, ಕುಡಿಯೋರ ಸ್ಥಾನ ಮಾತ್ರ ಬೇರೆ. ಒಂದು ಕಡೆ ಫಲಾನುಭವಿ, ಇನ್ನೊಂದು ಕಡೆ ಪ್ರಜೆ.

ಪ್ರಜಾಪ್ರಭುತ್ವದ ದೃಷ್ಟಿಯಿಂದ ದಾನವನ್ನ ನೋಡೋದು ಅಂದ್ರೆ ದಾನಿ ಒಳ್ಳೆಯವರಾ ಕೆಟ್ಟವರಾ ಅಂತ ನೋಡೋದಲ್ಲ. ಆ ದುಡ್ಡು ಬಂದ ಮೇಲೆ ಜನರ ಕೇಳೋ ಶಕ್ತಿ ಹೆಚ್ಚಾಯ್ತಾ, ಇದ್ದ ಹಾಗೇ ಉಳೀತಾ, ಇಲ್ಲಾ ಕಮ್ಮಿ ಆಯ್ತಾ ಅಂತ ನೋಡೋದು.

ತಟ್ಟೆಗೆ ಊಟ ಬಂದ ದಾರಿ

ಈ ಭಾಗ ಸ್ವಲ್ಪ ಉದ್ದ ಇದೆ, ಯಾಕಂದ್ರೆ ಸರ್ಕಾರ, ಕೋರ್ಟು, ದಾನಿಗಳು, ಸ್ವಯಂಸೇವಾ ಗುಂಪುಗಳು ಎಲ್ಲರೂ ಇದೊಂದೇ ಕಥೆಯಲ್ಲಿ ಸಿಗ್ತಾರೆ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ದೇಶಾದ್ಯಂತ ಶಾಲಾ ಮಕ್ಕಳ ಪೌಷ್ಟಿಕಾಂಶ ಯೋಜನೆ ಶುರು ಮಾಡ್ತು. ಹೆಸರಿಗೆ ಊಟ, ಆದ್ರೆ ಹೆಚ್ಚಿನ ರಾಜ್ಯಗಳಲ್ಲಿ ಮಕ್ಕಳಿಗೆ ಸಿಕ್ಕಿದ್ದು ತಿಂಗಳಿಗೆ 3 ಕೆಜಿ ಧಾನ್ಯ. ಆ ಚೀಲ ಮನೆಗೆ ಹೋಗ್ತಿತ್ತು, ಮನೆಯವರೆಲ್ಲ ಹಂಚಿಕೊಂಡು ತಿಂತಿದ್ರು, ಮಧ್ಯಾಹ್ನ ಕ್ಲಾಸಲ್ಲಿ ಕೂತ ಮಗುವಿನ ಹೊಟ್ಟೆ ಹಾಗೇ ಖಾಲಿ. ಬಿಸಿ ಊಟ ಹಾಕೋದು ಸಾಧ್ಯ ಅಂತ ತಮಿಳುನಾಡು ಆಗಲೇ ತೋರಿಸಿಕೊಟ್ಟಿತ್ತು, 1956ರಲ್ಲಿ ಕಾಮರಾಜ್, 1982ರಲ್ಲಿ ಎಂಜಿಆರ್, ಆದ್ರೂ ಉಳಿದ ಹೆಚ್ಚಿನ ರಾಜ್ಯಗಳು ಮುಂದೆ ಬರಲಿಲ್ಲ.

2000ನೇ ಇಸವಿಯಲ್ಲಿ ಬೆಂಗಳೂರಲ್ಲಿ ಇಸ್ಕಾನ್‌ನವರು ಅಕ್ಷಯ ಪಾತ್ರೆ ಶುರು ಮಾಡಿದ್ರು, ಐದು ಸರ್ಕಾರಿ ಶಾಲೆ, 1,500 ಮಕ್ಕಳು. ದಾನಿಗಳ ದುಡ್ಡಲ್ಲಿ, ದೊಡ್ಡ ಅಡುಗೆಮನೆಯಲ್ಲಿ ಮಾಡಿ, ವ್ಯಾನಲ್ಲಿ ಬಿಸಿಬಿಸಿಯಾಗಿ ಕಳಿಸೋದು. ಸ್ವಯಂಸೇವಾ ಸಂಸ್ಥೆಗಳ ಶಕ್ತಿ ಎಲ್ಲಿದೆ ಅಂತ ಇಲ್ಲಿ ಕಾಣುತ್ತೆ. ಸರ್ಕಾರಕ್ಕೆ ಒಂದು ಹೊಸ ಕೆಲಸ ಮಾಡಬೇಕಂದ್ರೆ ಫೈಲು, ಹಣಕಾಸು ಇಲಾಖೆ, ಟೆಂಡರ್ ಎಲ್ಲ ದಾಟಬೇಕು, ಸೋತರೆ ಸದನದಲ್ಲಿ ಉತ್ತರ ಕೊಡಬೇಕು. ಸಂಸ್ಥೆ ಚಿಕ್ಕದಾಗಿ ಮಾಡಿ ನೋಡಬಹುದು, ತಪ್ಪಾದ್ರೆ ತಿದ್ದಿಕೊಳ್ಳಬಹುದು, ಸರಿಯಾದ್ರೆ ದೊಡ್ಡದು ಮಾಡಬಹುದು. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ತಾನು ನಡೆಸ್ತೀನಿ ಅಂತ ತಗೊಂಡಿದ್ದೂ ಇಂಥದ್ದೇ ಪ್ರಯೋಗ.

ಆದ್ರೆ 1,500 ಮಕ್ಕಳಿಂದ ದೇಶದ ಕೋಟ್ಯಂತರ ಮಕ್ಕಳವರೆಗೆ ಊಟ ಹೋಗಿದ್ದು ದಾನದಿಂದ ಅಲ್ಲ. 2001ರಲ್ಲಿ ರಾಜಸ್ಥಾನದಲ್ಲಿ ಬರ, ಜನ ಹಸಿವಿನಿಂದ ಒದ್ದಾಡ್ತಿದ್ರು, ಇನ್ನೊಂದು ಕಡೆ ಭಾರತೀಯ ಆಹಾರ ನಿಗಮದ ಗೋಡೌನುಗಳಲ್ಲಿ ಧಾನ್ಯ ತುಂಬಿ ತುಳುಕ್ತಿತ್ತು. ಆಗ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯ್ತು. ತುರ್ತುಪರಿಸ್ಥಿತಿ ಕಾಲದಲ್ಲಿ, 1976ರಲ್ಲಿ, ಜಯಪ್ರಕಾಶ್ ನಾರಾಯಣ್ ಹುಟ್ಟುಹಾಕಿದ ಸಂಘಟನೆ ಇದು, ದೇಶಿ ವಿದೇಶಿ ಯಾವ ಫಂಡಿಂಗ್ ಏಜೆನ್ಸಿಯಿಂದಲೂ ದುಡ್ಡು ತಗೊಳಲ್ಲ, ಸದಸ್ಯರ ಚಂದಾ, ಅವರ ಸ್ವಂತ ಖರ್ಚು ಅಷ್ಟೇ. 2001ರ ನವೆಂಬರ್ 28ರಂದು ಕೋರ್ಟು ಮಧ್ಯಂತರ ಆದೇಶ ಕೊಡ್ತು: ಪ್ರತಿ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ.

ನಮ್ಮಲ್ಲಿ ಶಾಲೆ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದಾಗ ಶಾಲೆ ಊಟ ಕಾನೂನಿನ ಹಕ್ಕೇ ಆಯ್ತು. ಸದಸ್ಯರ ಚಂದಾ ದುಡ್ಡಲ್ಲಿ ನಡೆಯೋ ಒಂದು ಗುಂಪು ಹಾಕಿದ ಅರ್ಜಿ ಎಲ್ಲೀವರೆಗೆ ಹೋಯ್ತು ಅಂತ ಯೋಚನೆ ಮಾಡಿ. ಅರ್ಜಿ ಹಾಕಿದವರ ಫೋಟೋ ಯಾವ ಊಟದ ತಟ್ಟೆ ಮೇಲೂ ಇಲ್ಲ, ಯಾವ ಶಾಲೆ ಗೋಡೆ ಮೇಲೂ ಇಲ್ಲ.

ಇನ್ನು ಮೊಟ್ಟೆ ವಿಷಯ. ಕರ್ನಾಟಕದಲ್ಲಿ ಮೊಟ್ಟೆ ಕೊಡಬೇಕಾ ಬೇಡ್ವಾ ಅಂತ ಎಷ್ಟೋ ವರ್ಷ ಜಗ್ಗಾಟ ನಡೀತು. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಸೇರಿ ಕೆಲವು ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಅಂತ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧ ಮಾಡಿದ್ರು, ಮೊಟ್ಟೆ ಬೇಕು ಅಂತ ಗಂಗಾವತಿಯ ಶಾಲಾ ಬಾಲಕಿಯರು ಮಾತಾಡಿದ ವಿಡಿಯೋ ರಾಜ್ಯದ ಉದ್ದಗಲಕ್ಕೂ ಓಡಾಡ್ತು, ಪೌಷ್ಟಿಕ ಆಹಾರದ ಮೇಲೆ ಕೆಲಸ ಮಾಡೋ ಸಂಘಟನೆಗಳು ಬೀದಿಗಿಳಿದವು. ಪರ ವಿರೋಧ ಎಲ್ಲ ಬಹಿರಂಗವಾಗೇ ನಡೆದು, ಕೊನೆಗೆ ಸರ್ಕಾರ ಮುಂದಕ್ಕೆ ಹೋಯ್ತು, 2023ರಿಂದ ವಾರಕ್ಕೆ ಎರಡು ಮೊಟ್ಟೆ. ಮೊಟ್ಟೆ ಕೊಡೋದು ಅಂತ ಜನರ ನಡುವೆ ತೀರ್ಮಾನ ಆದ ಮೇಲೆ, ಎರಡನ್ನ ಆರು ಮಾಡೋಕೆ 2024ರಲ್ಲಿ ಖಾಸಗಿ ದುಡ್ಡು ಬಂತು. ಈ ಅನುಕ್ರಮ ಮುಖ್ಯ. ಮೊದಲು ಹಕ್ಕು, ಆಮೇಲೆ ಬಜೆಟ್ಟು, ಅದರ ಮೇಲೆ ದಾನ.

ಕೊಡೋ ಗುಂಪು, ಕೇಳೋ ಗುಂಪು

ಸ್ವಯಂಸೇವಾ ಸಂಸ್ಥೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ನೋಟ್‌ಬುಕ್ ಹಂಚೋರು, ಕಣ್ಣಿನ ಕ್ಯಾಂಪ್ ಮಾಡೋರು. ಅದು ಒಂದು ಅರ್ಧ. ಇನ್ನೊಂದು ಅರ್ಧ ಏನನ್ನೂ ಹಂಚಲ್ಲ, ಲೆಕ್ಕ ಕೇಳುತ್ತೆ, ಕೇಸು ಹಾಕುತ್ತೆ, ಧರಣಿ ಕೂರುತ್ತೆ. ಪ್ರಜಾಪ್ರಭುತ್ವಕ್ಕೆ ಎರಡೂ ಬೇಕು, ಆದ್ರೆ ಈ ಎರಡನೇ ಥರದವರ ಕೆಲಸ ನಮ್ಮ ಕಣ್ಣಿಗೆ ಬೀಳೋದು ಕಮ್ಮಿ ಆದ್ದರಿಂದ ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮಾಹಿತಿ ಹಕ್ಕು ಎಲ್ಲಿಂದ ಬಂತು? ರಾಜಸ್ಥಾನದ ದೇವಡುಂಗ್ರಿ ಅನ್ನೋ ಸಣ್ಣ ಹಳ್ಳಿಯಲ್ಲಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅಂತ ಒಂದು ಗುಂಪು ಹುಟ್ಟಿತು, ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಆ ಊರಿನ ಕೂಲಿಕಾರರು, ರೈತರು. ಬರ ಪರಿಹಾರ ಕಾಮಗಾರಿಯಲ್ಲಿ ದುಡಿದೋರಿಗೆ ಪೂರ್ತಿ ಕೂಲಿ ಬರ್ತಿರಲಿಲ್ಲ, ಕೇಳಿದ್ರೆ ಹಾಜರಿ ಪುಸ್ತಕದಲ್ಲಿ ನೀವು ಕೆಲಸ ಮಾಡಿದ್ದು ಇಷ್ಟೇ ಅಂತ ಇದೆ ಅಂತಿದ್ರು, ಪುಸ್ತಕ ತೋರ್ಸಿ ಅಂದ್ರೆ ಅದು ಗುಟ್ಟು ಅಂತಿದ್ರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾ ಅನ್ನೋ ಊರಲ್ಲಿ ಮೊದಲ ಜನ ಸುನವಾಯಿ ಮಾಡಿದ್ರು, ಅಂದ್ರೆ ಊರೋರನ್ನೆಲ್ಲ ಸೇರಿಸಿ ಹೇಗೋ ಸಿಕ್ಕಿದ ದಾಖಲೆಯನ್ನ ಜೋರಾಗಿ ಓದೋದು, ಈ ಹೆಸರಿನವರು ಇಲ್ಲಿ ಕೆಲಸ ಮಾಡಿದ್ರಾ ಅಂತ ಎಲ್ಲರೆದುರಿಗೆ ಕೇಳೋದು. ಕೆಲಸಕ್ಕೇ ಬಾರದವರ ಹೆಸರಲ್ಲೂ ಕೂಲಿ ಎತ್ತಿರೋದು ಹೀಗೆ ಹೊರಗೆ ಬಂತು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ. ನಮ್ಮ ದುಡ್ಡು, ನಮ್ಮ ಲೆಕ್ಕ ಅನ್ನೋದು ಅವರ ಘೋಷಣೆ. ಕರ್ನಾಟಕದಲ್ಲಿ 2000ದಲ್ಲೇ ಒಂದು ರಾಜ್ಯ ಕಾಯ್ದೆ ಬಂತು, ಇಡೀ ದೇಶಕ್ಕೆ 2005ರಲ್ಲಿ. ಇವತ್ತು ನಾವು ತಾಲ್ಲೂಕ್ ಆಫೀಸಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕ್ತೀವಲ್ಲ, ಅದರ ಬೇರು ಆ ಹಳ್ಳಿಗಳಲ್ಲಿ ಇದೆ.

ಚುನಾವಣೆಗೆ ನಿಂತೋರು ಅಫಿಡವಿಟ್‌ನಲ್ಲಿ ಆಸ್ತಿ ಎಷ್ಟು, ಕ್ರಿಮಿನಲ್ ಕೇಸು ಎಷ್ಟು, ಏನು ಓದಿದ್ದಾರೆ ಅಂತ ಬರೀತಾರಲ್ಲ, ಅದೂ ಹೀಗೇ. 1999ರಲ್ಲಿ ಅಹಮದಾಬಾದ್ ಐಐಎಂನ ಕೆಲವು ಪ್ರೊಫೆಸರ್‌ಗಳು ಎಡಿಆರ್ ಅನ್ನೋ ಸಂಸ್ಥೆ ಕಟ್ಟಿ ಕೋರ್ಟಿಗೆ ಹೋದ್ರು, 2002ರಲ್ಲಿ ಸುಪ್ರೀಂ ಕೋರ್ಟು ಮತದಾರರಿಗೆ ತಿಳಿಯೋ ಹಕ್ಕಿದೆ ಅಂತು, ರಾಜಕೀಯ ಪಕ್ಷಗಳು ಒಂದಾಗಿ ಅದನ್ನ ತಡೆಯೋಕೆ ಕಾನೂನೇ ತಿದ್ದಿದ್ರು, ಆಗ ಮತ್ತೆ ಪಿಯುಸಿಎಲ್ ಮತ್ತಿತರರು ಹೋಗಿ 2003ರಲ್ಲಿ ಆ ತಿದ್ದುಪಡಿಯನ್ನ ಹೊಡೆದು ಹಾಕಿಸಿದ್ರು. ಇವಿಎಂನಲ್ಲಿ ಕೊನೆಗೆ ಇರೋ ನೋಟಾ ಬಟನ್ ಕೂಡ ಪಿಯುಸಿಎಲ್ ಅರ್ಜಿ ಮೇಲೆ 2013ರಲ್ಲಿ ಬಂದಿದ್ದು.

ನಮ್ಮದೇ ಉದಾಹರಣೆ ಬೇಕಂದ್ರೆ ಬಳ್ಳಾರಿ. ಧಾರವಾಡದಲ್ಲಿ 1984ರಲ್ಲಿ ಎಸ್.ಆರ್. ಹಿರೇಮಠ್ ಮತ್ತು ಗೆಳೆಯರು ಕಟ್ಟಿದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಅಕ್ರಮ ಗಣಿಗಾರಿಕೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯ್ತು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಎರಡೇ ದಿನಕ್ಕೆ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿ ಅಂತ ಕೋರ್ಟು ಹೇಳ್ತು, ಅದೇ ವಾರ ಮುಖ್ಯಮಂತ್ರಿ ರಾಜೀನಾಮೆ ಕೊಟ್ರು. ಆ ಕೇಸಿನಿಂದಾಗೇ ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ ಅಂತ ಸಾವಿರಾರು ಕೋಟಿ ರೂಪಾಯಿ ಬೇರೆಯಾಗಿ ಇಡೋ ವ್ಯವಸ್ಥೆ ಆಯ್ತು.

ಹಂಚೋ ಕೆಲಸಕ್ಕೆ ದುಡ್ಡು ಸಿಗೋದು ಸುಲಭ, ಯಾಕಂದ್ರೆ ಫೋಟೋ ಬರುತ್ತೆ, ಇಷ್ಟು ಮಕ್ಕಳಿಗೆ ಇಷ್ಟು ಬ್ಯಾಗ್ ಅಂತ ರಿಪೋರ್ಟ್ ಬರೆಯಬಹುದು. ಸರ್ಕಾರದ ಲೈಸೆನ್ಸು, ಟೆಂಡರು ಬೇಕಾಗಿರೋ ಕಂಪನಿ ಸರ್ಕಾರಕ್ಕೆ ಪ್ರಶ್ನೆ ಕೇಳೋ ಗುಂಪಿಗೆ ಸಿಎಸ್‌ಆರ್ ದುಡ್ಡು ಕೊಡೋಕೆ ಹಿಂದೆಮುಂದೆ ನೋಡೋದು ಸಹಜ. ಹಾಗಾಗಿ ಕೇಳೋ ಗುಂಪುಗಳು ಹೆಚ್ಚಾಗಿ ನಡೆಯೋದು ಸಾಮಾನ್ಯ ಜನರ ಸಣ್ಣ ಸಣ್ಣ ಚಂದಾದಲ್ಲಿ, ಇದು ನಾವು ಗಮನ ಕೊಡಬೇಕಾದ ಸಂಗತಿ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ದಾನದೊಳಗೆ ನಮ್ಮ ದುಡ್ಡೂ ಇದೆ

ಅವರ ದುಡ್ಡು, ಅವರಿಷ್ಟ, ನಾವ್ಯಾಕೆ ಕೇಳಬೇಕು ಅಂತ ಕೆಲವರು ಅಂತಾರೆ. ಅರ್ಧ ಸರಿ. ಇನ್ನರ್ಧ ಗೊತ್ತಾಗಬೇಕಂದ್ರೆ 80ಜಿ, ಅಂದ್ರೆ ದಾನ ಕೊಟ್ಟೋರಿಗೆ ತೆರಿಗೆಯಲ್ಲಿ ರಿಯಾಯ್ತಿ ಕೊಡೋ ನಿಯಮ, ಅರ್ಥ ಆಗಬೇಕು. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್ ಬದಲಾಗಿದೆ, ಜನರ ಬಾಯಲ್ಲಿ ಇನ್ನೂ 80ಜಿನೇ. ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ದು, ಶೇ 30ರ ಸ್ಲ್ಯಾಬ್‌ನಲ್ಲಿದ್ದು, ಮಾನ್ಯತೆ ಇರೋ ಒಂದು ಸಂಸ್ಥೆಗೆ 10,000 ರೂಪಾಯಿ ದಾನ ಕೊಟ್ರಿ ಅಂದ್ಕೊಳ್ಳಿ. ಸಾಮಾನ್ಯವಾಗಿ ಅದರ ಅರ್ಧ, ಅಂದ್ರೆ 5,000 ರೂಪಾಯಿ ನಿಮ್ಮ ಆದಾಯದಿಂದ ಕಳೀತಾರೆ, ಅದರ ಮೇಲಿನ ತೆರಿಗೆ 1,500 ರೂಪಾಯಿ ನಿಮಗೆ ಉಳಿಯುತ್ತೆ. ಅಂದ್ರೆ 10,000ದಲ್ಲಿ 8,500 ನಿಮ್ಮದು, 1,500 ಸರ್ಕಾರಕ್ಕೆ ಬರಬೇಕಾಗಿದ್ದು, ಆಸ್ಪತ್ರೆಗೋ ರಸ್ತೆಗೋ ಹೋಗಬೇಕಾಗಿದ್ದ ಎಲ್ಲರ ದುಡ್ಡು. ಹಾಗೇ ಮಾನ್ಯತೆ ಪಡೆದ ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನ ಉದ್ದೇಶಕ್ಕೆ ಬಳಸಿದ್ರೆ ಅದಕ್ಕೂ ತೆರಿಗೆ ವಿನಾಯ್ತಿ ಇದೆ. ಇದು ತಪ್ಪಲ್ಲ, ಜನ ದಾನ ಮಾಡಲಿ ಅಂತ ನಾವೇ ಆರಿಸಿದ ಸಂಸತ್ತು ಮಾಡಿರೋ ನಿಯಮ. ಆದ್ರೆ ಆ ಪಾಲು ಎಲ್ಲರದ್ದು ಆಗಿರೋದ್ರಿಂದ, ಲೆಕ್ಕ ಕೇಳೋದು ದಾನಿಗೆ ಅವಮಾನ ಮಾಡಿದ ಹಾಗೆ ಅಂತ ಯಾರೂ ಅಂದ್ಕೋಬಾರದು.

ಕೊಡೋರೇ ತೀರ್ಮಾನ ಮಾಡಿದಾಗ

ಅಕ್ಷಯ ಪಾತ್ರೆ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕಲ್ಲ, ಮೊಟ್ಟೆ ಕೊಡಲ್ಲ. 2018, 19ರ ಹೊತ್ತಿಗೆ ಇದು ದೊಡ್ಡ ಚರ್ಚೆ ಆಯ್ತು. ಮಕ್ಕಳಿಗೆ ಮನೆ ಊಟದ ರುಚಿ ಇಲ್ಲ ಅಂತ ಊಟ ಬಿಡ್ತಾರೆ, ಸರ್ಕಾರದ ದುಡ್ಡೂ ಸೇರಿರೋ ಊಟದ ಮೆನು ಒಂದು ಸಂಸ್ಥೆಯ ಆಚರಣೆ ಮೇಲೆ ನಿಲ್ಲಬಾರದು ಅಂತ ಆಹಾರ ಹಕ್ಕಿನ ಕಾರ್ಯಕರ್ತರು ಹೇಳಿದ್ರು, ನಿಗದಿ ಮಾಡಿರೋ ಪೌಷ್ಟಿಕಾಂಶ ಎಲ್ಲ ನಮ್ಮ ಊಟದಲ್ಲಿದೆ ಅಂತ ಸಂಸ್ಥೆ ಹೇಳ್ತು. ಯಾರು ಸರಿ ಅನ್ನೋದಕ್ಕಿಂತ ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಶಾಲೆಯಲ್ಲೇ ಅಡುಗೆ ಆಗೋ ಕಡೆ ತಾಯಂದಿರು ಅಡುಗೆಯವರ ಹತ್ರ ಹೋಗಿ ಸಾರು ನೀರಾಗಿದೆ ಅನ್ನಬಹುದು, ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಮೀಟಿಂಗಲ್ಲಿ ಎತ್ತಬಹುದು, ಅಡುಗೆ ಹತ್ತಾರು ಕಿಲೋಮೀಟರ್ ಆಚೆ ಆದಾಗ ಆ ದಾರಿ ಉದ್ದ ಆಗುತ್ತೆ. ಪ್ರತಿಯಾಗಿ ದೊಡ್ಡ ಅಡುಗೆಮನೆಯಲ್ಲಿ ಸ್ವಚ್ಛತೆ, ಸಮಯಪಾಲನೆ ಚೆನ್ನಾಗಿರುತ್ತೆ. ಎರಡೂ ನಿಜ.

ಬೆಂಗಳೂರಿಂದ ಇನ್ನೊಂದು. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಅಂತ ಮಾಡಿ ನಂದನ್ ನಿಲೇಕಣಿ ಅವರನ್ನ ಅಧ್ಯಕ್ಷರನ್ನಾಗಿ ಮಾಡ್ತು. ಉದ್ಯಮಿಗಳು, ವೃತ್ತಿಪರರು ತಮ್ಮ ಸಮಯ, ದುಡ್ಡು ಎರಡೂ ಹಾಕಿದ್ರು, ಪಾಲಿಕೆಯ ಲೆಕ್ಕಪತ್ರ ಪದ್ಧತಿ ಸುಧಾರಿಸ್ತು, ನಿರ್ಮಲ ಶೌಚಾಲಯಗಳು ಬಂದವು, ಇಲಾಖೆಗಳನ್ನ ಜನರ ಮುಂದೆ ಕೂರಿಸಿ ಪ್ರಗತಿ ವರದಿ ಕೊಡಿಸಿದ್ರು. ಆದ್ರೆ ಟೀಕೆ ಕೂಡ ಬಂತು: ಜನ ಆರಿಸಿದ ಕಾರ್ಪೊರೇಟರ್‌ಗಳನ್ನ ಬದಿಗಿಟ್ಟು, ಯಾರೂ ಆರಿಸದವರು ನಗರಕ್ಕೆ ಏನು ಬೇಕು ಅಂತ ಹೇಳ್ತಿದ್ದಾರೆ, ಕೊಳೆಗೇರಿಯವರ ದನಿ ಆ ಸಭೆಗಳಲ್ಲಿ ಎಲ್ಲಿದೆ ಅಂತ. 2004ರಲ್ಲಿ ಸರ್ಕಾರ ಬದಲಾದ ಮೇಲೆ ಅದು ಮುಂದುವರೀಲಿಲ್ಲ. ಚುನಾಯಿತರ ಬೆಂಬಲ ಇಲ್ಲದೆ ಕಟ್ಟಿದ್ದು ಸರ್ಕಾರ ಬದಲಾದ ಕೂಡಲೇ ನಿಲ್ಲೋ ಅಪಾಯ ಇರುತ್ತೆ ಅನ್ನೋದಕ್ಕೂ ಇದು ಸಾಕ್ಷಿ.

ದುಡ್ಡು ಹೋಗೋ ಜಾಗದಲ್ಲೂ ಇದೇ ಸಮಸ್ಯೆ. ಕಂಪನಿಗಳು ತಮ್ಮ ಸುತ್ತಮುತ್ತ ಕೆಲಸ ಮಾಡೋಕೆ ಆದ್ಯತೆ ಕೊಡಬೇಕು ಅಂತ ಸಿಎಸ್‌ಆರ್ ಕಾನೂನೇ ಹೇಳುತ್ತೆ, ಹಾಗಾಗಿ ಉದ್ಯಮ ಇರೋ ಮಹಾರಾಷ್ಟ್ರದಂಥ ರಾಜ್ಯಕ್ಕೆ ಜಾಸ್ತಿ, ಫ್ಯಾಕ್ಟರಿಯೇ ಇಲ್ಲದ ಜಿಲ್ಲೆಗೆ ಕಮ್ಮಿ. ಸರ್ಕಾರ ಹಿಂದುಳಿದ ತಾಲ್ಲೂಕನ್ನ ನೋಡಿ ದುಡ್ಡು ಹಂಚಬೇಕಾಗುತ್ತೆ, ನಂಜುಂಡಪ್ಪ ವರದಿ ಅಂತ ನಾವು ಮಾತಾಡೋದು ಅದಕ್ಕೇ. ದಾನಕ್ಕೆ ಆ ಕಟ್ಟುಪಾಡು ಇಲ್ಲ.

ವಿದೇಶಿ ದೇಣಿಗೆ ಮತ್ತು ಪಕ್ಷಗಳ ದೇಣಿಗೆ

ಈ ಎರಡನ್ನ ಜೊತೆಗೇ ಹೇಳಿಬಿಡ್ತೀನಿ. ಸಂಘ ಸಂಸ್ಥೆಗಳಿಗೆ ಹೊರದೇಶದಿಂದ ದುಡ್ಡು ಬರಬೇಕಂದ್ರೆ ಎಫ್‌ಸಿಆರ್‌ಎ ಕಾನೂನಿನಡಿ ನೋಂದಣಿ ಬೇಕು. 1976ರಲ್ಲಿ ಬಂದ ಕಾನೂನು, 2010ರಲ್ಲಿ ಹೊಸದಾಯ್ತು, 2020ರಲ್ಲಿ ಇನ್ನೂ ಬಿಗಿ ಆಯ್ತು: ದುಡ್ಡು ದೆಹಲಿಯ ಒಂದು ಎಸ್‌ಬಿಐ ಶಾಖೆಯ ಖಾತೆಗೇ ಬರಬೇಕು, ಆಡಳಿತ ಖರ್ಚು ಶೇ 50ರ ಬದಲು ಶೇ 20 ಮೀರಬಾರದು, ಒಂದು ಸಂಸ್ಥೆ ತಾನು ಪಡೆದ ವಿದೇಶಿ ದುಡ್ಡನ್ನ ಇನ್ನೊಂದಕ್ಕೆ ಕೊಡೋ ಹಾಗಿಲ್ಲ. ಹೊರಗಿನ ದುಡ್ಡು ದೇಶದ ರಾಜಕೀಯಕ್ಕೆ ಕೈ ಹಾಕಬಾರದು, ದುರುಪಯೋಗ ಆಗಬಾರದು ಅಂತ ಸರ್ಕಾರದ ವಾದ, ದೊಡ್ಡ ಸಂಸ್ಥೆಗಳ ಮೂಲಕ ದುಡ್ಡು ಪಡೀತಿದ್ದ ಹಳ್ಳಿಗಾಡಿನ ಸಣ್ಣ ಸಂಸ್ಥೆಗಳಿಗೆ ಉಸಿರು ಕಟ್ಟಿತು ಅಂತ ಸಂಸ್ಥೆಗಳ ವಾದ. 2022ರಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಗಳನ್ನ ಎತ್ತಿಹಿಡೀತು.

ಪಕ್ಷಗಳಿಗೆ ಕೊಡೋ ದೇಣಿಗೆಯಲ್ಲಿ ಆಗಿದ್ದು ಇದಕ್ಕೆ ಉಲ್ಟಾ. 2018ರಲ್ಲಿ ಚುನಾವಣಾ ಬಾಂಡ್ ಬಂತು, ಅಂದ್ರೆ ಪಕ್ಷಕ್ಕೆ ದೇಣಿಗೆ ಕೊಡೋಕೆ ಬ್ಯಾಂಕಲ್ಲಿ ಕೊಳ್ಳೋ ಪತ್ರ, ಅದರಲ್ಲಿ ಕೊಟ್ಟೋರು ಯಾರು ಅಂತ ಜನರಿಗೆ ಗೊತ್ತಾಗೋ ಹಾಗಿರಲಿಲ್ಲ, ಕಂಪನಿ ಎಷ್ಟು ಕೊಡಬಹುದು ಅನ್ನೋ ಮಿತಿಯನ್ನೂ ತೆಗೆದಿದ್ರು. ಇದನ್ನ ಪ್ರಶ್ನೆ ಮಾಡಿದವರಲ್ಲಿ ಮತ್ತೆ ಅದೇ ಎಡಿಆರ್ ಮುಂದಿತ್ತು, 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಬಾಂಡ್ ಯೋಜನೆಯನ್ನ ರದ್ದು ಮಾಡ್ತು, ಯಾರು ಎಷ್ಟು ಕೊಂಡ್ರು, ಯಾವ ಪಕ್ಷ ಎಷ್ಟು ನಗದು ಮಾಡ್ಕೊಳ್ತು ಅನ್ನೋ ಪಟ್ಟಿ ಮಾರ್ಚ್‌ನಲ್ಲಿ ಎಲ್ಲರಿಗೂ ಸಿಕ್ತು. ಬಡ ಮಕ್ಕಳಿಗೆ ಕೊಟ್ಟ ದಾನ ಗುಟ್ಟಾಗಿದ್ರೆ ಅದು ದೊಡ್ಡತನ. ಅಧಿಕಾರದಲ್ಲಿರೋರಿಗೆ ಕೊಟ್ಟಿದ್ದು ಗುಟ್ಟಾಗಿದ್ರೆ, ವಾಪಸ್ ಏನು ಸಿಕ್ತು ಅಂತ ಕೇಳೋ ದಾರಿನೇ ಮುಚ್ಚಿಹೋಗುತ್ತೆ.

ನಾವು ಕೇಳಬಹುದಾದ್ದು ಏನು, ಎಲ್ಲಿ

ಮೊದಲ ಜಾಗ ಎಸ್‌ಡಿಎಂಸಿ. ಸರ್ಕಾರಿ ಶಾಲೆಯ ಪೋಷಕರೇ ಹೆಚ್ಚಾಗಿ ಇರೋ ಸಮಿತಿ ಅದು, ಯಾವ ದಾನಿ ದುಡ್ಡು ಕೊಟ್ರೂ ಶಾಲೆ ಒಳಗೆ ಅದು ಹೇಗೆ ಬಳಕೆ ಆಗ್ತಿದೆ ಅಂತ ನೋಡೋ ಅಧಿಕಾರ ನಿಮಗಿದೆ. ಸ್ಟಾಕ್ ರಿಜಿಸ್ಟರ್ ಕೇಳಿ, ಎಷ್ಟು ಬಂತು, ಎಷ್ಟು ಮಕ್ಕಳು ತಿಂದ್ರು, ಬಾಳೆಹಣ್ಣು ತಗೊಂಡೋರು ಎಷ್ಟು ಜನ. ಗ್ರಾಮ ಸಭೆಯಲ್ಲೂ, ಮಕ್ಕಳ ಗ್ರಾಮ ಸಭೆಯಲ್ಲೂ ಇದನ್ನ ಎತ್ತಬಹುದು, ಮಕ್ಕಳು ದೊಡ್ಡೋರಿಗಿಂತ ನೇರವಾಗಿ ಹೇಳ್ತಾರೆ. 2024ರ ಒಪ್ಪಂದ ಮೂರು ವರ್ಷದ್ದು, ಅಂದ್ರೆ 2027ರ ಹೊತ್ತಿಗೆ ಮುಂದೇನು ಅಂತ ತೀರ್ಮಾನ ಆಗಬೇಕು, ಆ ನಾಲ್ಕು ದಿನದ ಖರ್ಚನ್ನ ಬಜೆಟ್‌ನಲ್ಲಿ ಸೇರಿಸ್ತೀರಾ ಅಂತ ನಿಮ್ಮ ಶಾಸಕರನ್ನ ಕೇಳೋಕೆ ಒಪ್ಪಂದ ಮುಗಿಯೋವರೆಗೆ ಕಾಯಬೇಕಿಲ್ಲ.

ಒಂದು ಸಂಸ್ಥೆಗೆ ನೀವೇ ದಾನ ಕೊಡೋರಿದ್ರೆ ಅವರ ತೆರಿಗೆ ಮಾನ್ಯತೆಯ ನಂಬರ್, ಆಡಿಟ್ ಆದ ಲೆಕ್ಕ, ಟ್ರಸ್ಟಿಗಳು ಯಾರು ಅಂತ ಕೇಳಿ, ಒಳ್ಳೆ ಸಂಸ್ಥೆಯವರು ಬೇಜಾರು ಮಾಡ್ಕೊಳ್ಳಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದಲ್ಲಿ ಕೊಟ್ರೆ ತೆರಿಗೆ ರಿಯಾಯ್ತಿ ಸಿಗಲ್ಲ, ರಸೀದಿ ಜೊತೆ ದಾನದ ಸರ್ಟಿಫಿಕೇಟ್ ಕೂಡ ತಗೊಳ್ಳಿ. ದರ್ಪಣ್ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ಸಂಸ್ಥೆಗಳ ವಿವರ ಇರುತ್ತೆ, ಕಂಪನಿಗಳ ಸಿಎಸ್‌ಆರ್ ಖರ್ಚಿಗೂ ಕೇಂದ್ರದ ಪೋರ್ಟಲ್ ಇದೆ.

ಸಂಸ್ಥೆ ಖಾಸಗಿ, ಆರ್‌ಟಿಐ ಅಂದ್ರೆ ಮಾಹಿತಿ ಹಕ್ಕು ಕಾಯ್ದೆ ನಮಗೆ ಅನ್ವಯ ಆಗಲ್ಲ ಅಂತ ಯಾರಾದ್ರೂ ಅಂದ್ರೆ ಎರಡು ವಿಷಯ ನೆನಪಿರಲಿ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯೋ ಎನ್‌ಜಿಓಗಳೂ ಮಾಹಿತಿ ಹಕ್ಕಿನಡಿ ಬರ್ತವೆ ಅಂತ 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಡಿಎವಿ ಕಾಲೇಜ್ ಟ್ರಸ್ಟ್ ಕೇಸಲ್ಲಿ ಹೇಳಿದೆ. ಪೂರ್ತಿ ಖಾಸಗಿ ದುಡ್ಡಲ್ಲಿ ನಡೆಯೋ ಸಂಸ್ಥೆ ಆದ್ರೂ, ಅದು ಸರ್ಕಾರದ ಜೊತೆ ಮಾಡ್ಕೊಂಡ ಒಪ್ಪಂದದ ಪ್ರತಿ ಇಲಾಖೆಯ ಹತ್ರ ಇರುತ್ತೆ, ಅದನ್ನ ಇಲಾಖೆಯಿಂದಲೇ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ರೆ ಶುಲ್ಕ ಇಲ್ಲ, 30 ದಿನದೊಳಗೆ ಉತ್ತರ ಬರಬೇಕು, ಬರದಿದ್ರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ರೆ ರಾಜ್ಯ ಮಾಹಿತಿ ಆಯೋಗ.